ಬೋರ್ಡಿನ ಅಂಚೇ ಪ್ಲಗ್ಗಾಗುವ ಬಗೆ

ಚಳ್ಳಕೆರೆ ಮೊಳಕಾಲ್ಮೂರುಗಳ ಹೆಸರೆತ್ತಿದೊಡನೆ ಕಡಲೆಕಾಯಿ ಎಣ್ಣೆಯ ಗಿರಣಿಗಳನ್ನೂ, ಕುರಿಯುಣ್ಣೆಯ ಕಂಬಳಿಗಳನ್ನೂ, ಜರಿಯಂಚಿನ ರೇಷ್ಮೆ ಸೀರೆಗಳನ್ನೂ, ಇತಿಹಾಸಾಸಕ್ತರಾದರೆ 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದ ಬ್ರಹ್ಮಗಿರಿಯ ಅಶೋಕ ಶಾಸನವನ್ನೂ ನೆನೆಯುವುದು ವಾಡಿಕೆಯಾಗಿತ್ತು. ಈಚಿನ ವರ್ಷಗಳಲ್ಲಿ ಆ ಸಾಲಿಗೆ ವಿಜ್ಞಾನದ ಹೆಸರುಗಳೂ ಬಂದು ಸೇರಿವೆ. ಕುದಾಪುರದ ಬಯಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ತಲೆಯೆತ್ತಿದ್ದು, ಅಲ್ಲಿನ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರಿನಲ್ಲಿ ಶಾಲಾ ಕಾಲೇಜುಗಳ ವಿಜ್ಞಾನೋಪಾಧ್ಯಾಯರು ತರಬೇತಿ ಪಡೆಯುತ್ತಾರೆ; ಸನಿಹದ ವೈಮಾನಿಕ ಪರೀಕ್ಷಾ ವಲಯದಲ್ಲಿ, 2023ರ ಏಪ್ರಿಲ್ 2ರಂದು, ವಾಯುಪಡೆಯ ಚಿನೂಕ್ ಹೆಲಿಕಾಪ್ಟರು ಸುಮಾರು ನಾಲ್ಕೂವರೆ ಕಿಲೋಮೀಟರು ಎತ್ತರದಿಂದ ಕೆಳಬಿಟ್ಟ ಇಸ್ರೋದ ರೆಕ್ಕೆಯ ವಾಹನವು ತಾನಾಗಿಯೇ ದಾರಿ ಹಿಡಿದು ಓಡುಹಾದಿಯ ಮೇಲೆ ಬಂದಿಳಿಯಿತು. ಇಂಥ ಮಹತ್ತಾದ ಪ್ರಯೋಗಗಳು ನಡೆಯುವ ನೆಲದಲ್ಲಿ ನಿಂತು ನಾನು ಈ ವಾರ ಬೆರಳಗಲದ ಒಂದು ವಸ್ತುವಿನ ವಿಷಯವನ್ನು ವಿವರಿಸಬಯಸುವುದಕ್ಕೆ ಕಾರಣವುಂಟು. ರಾಕೆಟ್ಟನ್ನು ಕಟ್ಟುವುದು ಒಂದು ತಾಲ್ಲೂಕಿನ ಪ್ರೌಢಶಾಲೆಗೆ ಸಾಧ್ಯವಾಗದು. ಆದರೆ ಕಂಪ್ಯೂಟರಿಗೆ ನೇರವಾಗಿ ಸಿಕ್ಕಿಸಬಲ್ಲ ಒಂದು ಪುಟ್ಟ ಸರ್ಕಿಟ್ ಬೋರ್ಡನ್ನು ರಚಿಸುವುದು ಅಲ್ಲಿನ ಒಬ್ಬ ಶ್ರದ್ಧಾವಂತ ಮೇಷ್ಟರಿಗೂ ಆತನ ವಿದ್ಯಾರ್ಥಿಗಳಿಗೂ ಖಂಡಿತವಾಗಿ ಸಾಧ್ಯ.

ಯುಎಸ್‌ಬಿ ಎಂಬ ಸಂಯೋಜನಕ್ರಮದ ಮೊದಲ ನಿಯಮಾವಳಿ ಹೊರಬಂದದ್ದು 1996ರ ಜನವರಿಯಲ್ಲಿ. ಇಂಟೆಲ್ ಕಂಪನಿಯಲ್ಲಿ ಅದರ ಹಿಂದೆ ದುಡಿದವರಲ್ಲಿ ಪ್ರಮುಖರು ಗುಜರಾತು ಮೂಲದ ಅಜಯ್ ಭಟ್. ಅಂದಿನಿಂದ ಇಂದಿನವರೆಗೆ ರೂಪಾಂತರಗಳೆಷ್ಟೋ ಆಗಿದ್ದರೂ, ನಮ್ಮ ಶಾಲೆಗಳ, ನಾಡಕಚೇರಿಗಳ, ಮಂಡಿಗಳ ಕಂಪ್ಯೂಟರುಗಳಲ್ಲಿ ಇನ್ನೂ ಕಾಣುವುದು ಆ ಹಳೆಯ ಚಪ್ಪಟೆ ಬಾಯಿಯೇ. ಅದನ್ನು ‘ಎ’ ಮಾದರಿ ಎನ್ನುತ್ತಾರೆ. ಯಾವುದಾದರೂ ಪೆನ್‌ಡ್ರೈವಿನ ಬಾಯನ್ನು ಬೆಳಕಿಗೆ ಹಿಡಿದು ನೋಡಿದರೆ, ತಗಡಿನ ಕವಚದೊಳಗೆ ಅರ್ಧ ಎತ್ತರಕ್ಕೆ ಒಂದು ಪ್ಲಾಸ್ಟಿಕ್ಕಿನ ನಾಲಗೆಯೂ, ಅದರ ಮೇಲೆ ನಾಲ್ಕು ಹೊಂಬಣ್ಣದ ಪಟ್ಟಿಗಳೂ, ಉಳಿದರ್ಧದಲ್ಲಿ ಬರಿಯ ಶೂನ್ಯವೂ ಗೋಚರಿಸುವುವು. ಇನ್ನೂ ಸಮೀಪಿಸಿ ನೋಡಿದವರಿಗೆ ಮತ್ತೊಂದು ಸಂಗತಿ ಕಾಣಿಸುತ್ತದೆ: ಆ ನಾಲ್ಕು ಪಟ್ಟಿಗಳಲ್ಲಿ ಎರಡು ಬದಿಯವು ತುದಿಯತ್ತ ಒಂದಿಷ್ಟು ಮುಂದಕ್ಕೆ ಚಾಚಿರುತ್ತವೆ, ನಡುವಿನ ಎರಡು ಹಿಂದೆ ಸರಿದಿರುತ್ತವೆ. ಈ ಒಂದು ಮಿಲಿಮೀಟರಿನ ಅಂತರದ ಹಿಂದಿರುವ ಯೋಚನೆಯನ್ನು ಮುಂದೆ ಹೇಳುವೆನು.

ಪ್ಲಗ್ಗೆಂದರೆ ಮೂಲತಃ ಒಂದು ಚಪ್ಪಟೆಯ ನಾಲಗೆಯೂ ನಾಲ್ಕು ಲೋಹದ ಪಟ್ಟಿಗಳೂ ಆಗಿರುವಾಗ, ಸರ್ಕಿಟ್ ಬೋರ್ಡೂ ಸಹ ಗಾಜಿನ ನಾರು ಮತ್ತು ಎಪಾಕ್ಸಿ ರಾಳದಿಂದಾದ ಚಪ್ಪಟೆಯ ಹಲಗೆಯೇ ಆಗಿರುವಾಗ, ಅದರ ಮೇಲೆ ಹೇಗೂ ತಾಮ್ರದ ಪಟ್ಟಿಗಳನ್ನು ಕೆತ್ತುತ್ತಿರುವಾಗ, ಅಂಗಡಿಯಿಂದ ಬೇರೆ ಪ್ಲಗ್ಗೊಂದನ್ನು ತಂದು ಬೆಸುಗೆ ಹಾಕುವುದಕ್ಕೆ ಬದಲಾಗಿ ಬೋರ್ಡಿನ ಅಂಚನ್ನೇ ಪ್ಲಗ್ಗಿನ ಆಕಾರಕ್ಕೆ ಕತ್ತರಿಸಿದರಾಗದೆ ಎಂಬ ಪ್ರಶ್ನೆ ಯಾರಿಗಾದರೂ ಹೊಳೆಯುವಂಥದೇ. ಆಗುತ್ತದೆ. ಮಾರುಕಟ್ಟೆಯಲ್ಲಿ ದೊರೆಯುವ, ಕವಚವಿಲ್ಲದ, ಉಗುರಿನಂತೆ ತೆಳ್ಳಗಿನ ಪೆನ್‌ಡ್ರೈವುಗಳು ಇದೇ ತತ್ತ್ವದವು. 2012ರಲ್ಲಿ ಹವ್ಯಾಸಿಗಳ ಕೈಗೆ ಬಂದ ಡಿಜಿಸ್ಪಾರ್ಕ್ ಎಂಬ ಪುಟ್ಟ ನಿಯಂತ್ರಕ ಬೋರ್ಡು ಈ ಉಪಾಯವನ್ನು ಲೋಕಪ್ರಿಯಗೊಳಿಸಿತು. ಒಂದು ಬಿಡಿಭಾಗದ ಬೆಲೆ ಉಳಿಯಿತು, ಬೆಸುಗೆ ಬಿಟ್ಟುಹೋಗುವ ಭಯವೂ ತೊಲಗಿತು. ಆದರೆ ಬಿಡಿಭಾಗವನ್ನು ಕೈಬಿಡುವುದು ಸುಲಭ, ಅದು ಸದ್ದಿಲ್ಲದೆ ಹೊತ್ತುಕೊಂಡಿದ್ದ ಹೊಣೆಗಳನ್ನು ಕೈಬಿಡುವುದು ಸಾಧ್ಯವಿಲ್ಲ. ಅವೆಲ್ಲವೂ ನೇರವಾಗಿ ವಿನ್ಯಾಸಕಾರನ ಹೆಗಲಿಗೆ ಬಂದೇರುತ್ತವೆ. ಅವುಗಳನ್ನು ಅರಿಯದೆ ಕೇವಲ ನಾಲ್ಕು ಪಟ್ಟಿಗಳನ್ನು ಬರೆದು ಕಳುಹಿಸಿದವನ ಬೋರ್ಡು ಒಮ್ಮೆ ಕೆಲಸಮಾಡಿ ಮೂರು ಬಾರಿ ಕೈಕೊಡುವುದು.

ಉದಾಹರಣೆಯಿಲ್ಲದೆ ಈ ಮಾತು ನಿಲ್ಲದಾದ್ದರಿಂದ ಒಂದು ಸಲಕರಣೆಯನ್ನು ಕಲ್ಪಿಸಿಕೊಳ್ಳೋಣ. ಚಳ್ಳಕೆರೆಯ ಕಡಲೆಕಾಯಿ ದಾಸ್ತಾನಿನಲ್ಲಿ ತೇವ ಹೆಚ್ಚಾದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಗಾಳಿ ಅತಿಯಾಗಿ ಒಣಗಿದರೆ ರೇಷ್ಮೆಯ ಎಳೆ ಪೆಡಸಾಗುತ್ತದೆ. ಎರಡೂ ಕಡೆ, ಹಗಲಿರುಳು ಉಷ್ಣತೆಯನ್ನೂ ಆರ್ದ್ರತೆಯನ್ನೂ ಗಂಟೆಗೊಮ್ಮೆ ಬರೆದಿಟ್ಟುಕೊಳ್ಳುವ, ಪುಟ್ಟ ಬ್ಯಾಟರಿಯಿಂದ ನಡೆಯುವ, ವಾರಕ್ಕೊಮ್ಮೆ ಕಿತ್ತು ತಂದು ಕಂಪ್ಯೂಟರಿಗೆ ಸಿಕ್ಕಿಸಿದರೆ ಲೆಕ್ಕವನ್ನೊಪ್ಪಿಸುವ ಒಂದು ಬೋರ್ಡು ಪ್ರಯೋಜನಕ್ಕೆ ಬಂದೀತು. ವಿಜ್ಞಾನದ ಮೇಷ್ಟರಿಗೆ ಇದಕ್ಕಿಂತ ಒಳ್ಳೆಯ ಪಾಠಸಾಮಗ್ರಿಯೂ ಬೇರೊಂದಿಲ್ಲವೆಂದು ನನ್ನ ನಂಬಿಕೆ. ಈ ಬೋರ್ಡಿನ ಅಂಚನ್ನೇ ಪ್ಲಗ್ಗಾಗಿಸುವ ಕೆಲಸವನ್ನು ಈಗ ಕೈಗೆತ್ತಿಕೊಳ್ಳಬಹುದು.

ಮೊದಲನೆಯ ಪ್ರಶ್ನೆ ದಪ್ಪದ್ದು. ಈ ವಿದ್ಯೆಯಲ್ಲಿ ಎಡವುವವರಲ್ಲಿ ಬಹುಮಂದಿ ಎಡವುವುದು ಇಲ್ಲಿಯೇ. ಸರ್ಕಿಟ್ ಬೋರ್ಡುಗಳ ರೂಢಿಯ ದಪ್ಪ 1.6 ಮಿಲಿಮೀಟರು, ದಪ್ಪದ ವಿಷಯ ಏನೂ ಹೇಳದೆ ಕಾರ್ಖಾನೆಗೆ ಕಳುಹಿಸಿದರೆ ಅದೇ ಬರುತ್ತದೆ. ಆದರೆ ಯುಎಸ್‌ಬಿ ಪ್ಲಗ್ಗಿನ ಕವಚದ ಹೊರಮೈಯಿಂದ ಪಟ್ಟಿಗಳ ಮೇಲ್ಮೈವರೆಗಿನ ಎತ್ತರ ಎರಡೂಕಾಲು ಮಿಲಿಮೀಟರಿನಷ್ಟು. ಸಾಕೆಟ್ಟಿನೊಳಗಿನ ಸ್ಪ್ರಿಂಗಿನಂಥ ನಾಲ್ಕು ಸ್ಪರ್ಶಕಗಳು ಆ ಎತ್ತರವನ್ನೇ ನಿರೀಕ್ಷಿಸಿ ಕೆಳಕ್ಕೆ ಒತ್ತುತ್ತಿರುತ್ತವೆ. 1.6ರ ಬೋರ್ಡನ್ನು ತೂರಿಸಿದಾಗ ಅರ್ಧ ಮಿಲಿಮೀಟರಿಗೂ ಮೀರಿದ ಸಡಿಲು ಉಳಿದು, ಒಂದು ಕಂಪ್ಯೂಟರಿನಲ್ಲಿ ಸರಿಯಾಗಿ ಕೂತದ್ದು ಇನ್ನೊಂದರಲ್ಲಿ ಜೋತುಬೀಳುತ್ತದೆ, ಮೇಜು ಅಲುಗಿದರೆ ಸಂಪರ್ಕ ತಪ್ಪುತ್ತದೆ, ತಪ್ಪಿದ್ದು ತಂತ್ರಾಂಶದ ದೋಷವೆಂದು ಭ್ರಮಿಸಿ ಮೇಷ್ಟರು ರಾತ್ರಿಯೆಲ್ಲ ಪ್ರೋಗ್ರಾಮನ್ನು ತಿದ್ದುತ್ತಾ ಕೂರುತ್ತಾರೆ.

ಹಾಗಿದ್ದರೆ 2.4 ಮಿಲಿಮೀಟರಿನ ಬೋರ್ಡನ್ನು ತರಿಸಿದರೆ ಹೇಗೆ? ಇಲ್ಲಿ ಕಾರ್ಖಾನೆಯ ಮಾತೊಂದನ್ನು ನೆನಪಿನಲ್ಲಿಡಬೇಕು. ಬೋರ್ಡಿನ ದಪ್ಪದಲ್ಲಿ ಶೇಕಡಾ 10ರಷ್ಟು ಹೆಚ್ಚುಕಡಿಮೆ ಬರುವುದನ್ನು ಉದ್ಯಮವು ಸಹಜವೆಂದೇ ಎಣಿಸುತ್ತದೆ; 2.4 ಎಂದು ಕೇಳಿದ್ದು 2.6ರ ಮೇಲೂ ಬಂದೀತು, ಆಗ ಅದು ಸಾಕೆಟ್ಟಿನ ಸ್ಪ್ರಿಂಗುಗಳನ್ನು ಅವು ಸಹಿಸಲಾರದಷ್ಟು ಬಾಗಿಸಿ ಶಾಶ್ವತವಾಗಿ ಸೋಲಿಸಿಬಿಡುವುದು. 2.0 ಮಿಲಿಮೀಟರು ಕೇಳಿದವನಿಗೆ ಕನಿಷ್ಠ 1.8, ಗರಿಷ್ಠ 2.2 ದೊರೆಯುತ್ತದೆ, ಕನಿಷ್ಠದಲ್ಲಿ ತುಸು ಸಡಿಲ, ಗರಿಷ್ಠದಲ್ಲಿ ಸರಿಸಮ, ಯಾವುದರಲ್ಲಿಯೂ ಅಪಾಯವಿಲ್ಲ. ಆದಕಾರಣ ನನ್ನ ಒಲವು 2.0ರ ಕಡೆಗೆ. ಅದೂ ದುಬಾರಿಯೆನಿಸಿದಲ್ಲಿ ಇನ್ನೊಂದು ಹಾದಿಯಿದೆ: 1.6ರ ಬೋರ್ಡಿನ ಬೆನ್ನಿಗೆ, ಪ್ಲಗ್ಗಿನ ಭಾಗದಲ್ಲಿ ಮಾತ್ರ, ತಾಮ್ರವಿಲ್ಲದ 0.6 ಮಿಲಿಮೀಟರಿನ ಬೋರ್ಡಿನ ತುಂಡನ್ನು ಎಪಾಕ್ಸಿಯಿಂದ ಅಂಟಿಸುವುದು. ಈ ಎರಡು ದಪ್ಪಗಳೂ ಕಾರ್ಖಾನೆಗಳಲ್ಲಿ ನಿತ್ಯ ದೊರೆಯುವಂಥವೇ, ಸೇರಿದರೆ 2.2 ಆಗುವುದು. ಕಾಗದದ ಟೇಪನ್ನು ಸುತ್ತಿ ದಪ್ಪಗೊಳಿಸುವ ಉಪಾಯವನ್ನು ಪ್ರಯೋಗಕ್ಕೆಂದು ಒಪ್ಪಬಹುದಾದರೂ, ನಾಲ್ಕು ಬಾರಿ ಸಿಕ್ಕಿಸಿ ಕೀಳುವುದರೊಳಗೆ ಅದರ ಅಂಟು ಸಾಕೆಟ್ಟಿನೊಳಗೆ ಉಳಿದುಬಿಡುವುದರಿಂದ ಮಕ್ಕಳ ಕೈಗೆ ಕೊಡುವ ವಸ್ತುವಿಗೆ ಅದು ತಕ್ಕದ್ದಲ್ಲ.

ಅಗಲದ ಮಾತು ಸರಳ. ನಾಲಗೆಯ ಅಗಲ 12 ಮಿಲಿಮೀಟರು. ಸಾಕೆಟ್ಟಿನ ಬಾಯಿ ಅದಕ್ಕಿಂತ ಅರ್ಧ ಮಿಲಿಮೀಟರು ಅಗಲವಿರುತ್ತದೆ. ಪಟ್ಟಿಯೊಂದರ ಅಗಲ 1 ಮಿಲಿಮೀಟರು. ನಾಲಗೆಯ ನಡುಗೆರೆಯಿಂದ ಎರಡು ಕಡೆಗೂ 1 ಮಿಲಿಮೀಟರು ದೂರದಲ್ಲಿ ನಡುವಿನ ಪಟ್ಟಿಗಳ ಮಧ್ಯಬಿಂದು, 3.5 ಮಿಲಿಮೀಟರು ದೂರದಲ್ಲಿ ಬದಿಯ ಪಟ್ಟಿಗಳ ಮಧ್ಯಬಿಂದು ಬರಬೇಕು. ಎಂದರೆ ನಡುವಿನ ಎರಡರ ಅಂತರ 2, ಬದಿಯದಕ್ಕೂ ಅದರ ಪಕ್ಕದ್ದಕ್ಕೂ ಇರುವ ಅಂತರ 2.5. ಈ ಅಸಮತೆಯನ್ನು ಗಮನಿಸದೆ ನಾಲ್ಕನ್ನೂ ಸಮಾಂತರದಲ್ಲಿ ಬರೆದುಬಿಡುವುದು ಹೊಸಬರಲ್ಲಿ ಕಾಣುವ ದೋಷ. ಹೊರಪಟ್ಟಿಗಳಿಂದ ಬೋರ್ಡಿನ ಪಕ್ಕದ ಅಂಚಿಗೆ ಉಳಿಯುವ ಎರಡು ಮಿಲಿಮೀಟರಿನಲ್ಲಿಯಾಗಲಿ, ಬೆನ್ನಿನ ಮೇಲಾಗಲಿ ತಾಮ್ರ ಇರಕೂಡದು, ಏಕೆಂದರೆ ಅಲ್ಲಿ ಸಾಕೆಟ್ಟಿನ ಲೋಹದ ಗೋಡೆ ಉಜ್ಜುತ್ತಿರುತ್ತದೆ.

ಪಟ್ಟಿಗಳ ಅನುಕ್ರಮ ಐದು ವೋಲ್ಟು, ಡಿ ಮೈನಸ್, ಡಿ ಪ್ಲಸ್, ಗ್ರೌಂಡ್. ಯಾವ ಬದಿಯಿಂದ ಎಣಿಸಬೇಕೆಂಬಲ್ಲಿ ಪುಸ್ತಕದ ಚಿತ್ರಗಳು ದಾರಿತಪ್ಪಿಸುವುದುಂಟು; ಸಾಕೆಟ್ಟಿನ ಚಿತ್ರವೂ ಪ್ಲಗ್ಗಿನ ಚಿತ್ರವೂ ಒಂದಕ್ಕೊಂದು ಕನ್ನಡಿಯ ಪ್ರತಿಬಿಂಬವಾದ್ದರಿಂದ, ಒಂದನ್ನು ನೋಡಿ ಮತ್ತೊಂದನ್ನು ಬರೆದವನು ಐದು ವೋಲ್ಟನ್ನು ಗ್ರೌಂಡಿಗೆ ಕೊಟ್ಟು ಚಿಪ್ಪನ್ನು ಸುಟ್ಟುಕೊಳ್ಳುತ್ತಾನೆ. ನಿಸ್ಸಂದೇಹವಾದ ಉಪಾಯವೆಂದರೆ, ಕೆಟ್ಟುಹೋದ ಮೌಸಿನದೋ ಚಾರ್ಜರಿನದೋ ಹಳೆಯ ಕೇಬಲನ್ನು ಕತ್ತರಿಸಿ, ಕೆಂಪು ತಂತಿಯನ್ನೂ ಪ್ಲಗ್ಗಿನ ಪಟ್ಟಿಗಳನ್ನೂ ಮಲ್ಟಿಮೀಟರಿನಿಂದ ಮುಟ್ಟಿ, ಯಾವ ಪಟ್ಟಿಯಲ್ಲಿ ಸದ್ದಾಗುವುದೋ ಅದು ಐದು ವೋಲ್ಟಿನದೆಂದು ಗುರುತುಮಾಡಿಕೊಳ್ಳುವುದು. ಕಪ್ಪು ಗ್ರೌಂಡು, ಬಿಳಿ ಡಿ ಮೈನಸ್, ಹಸಿರು ಡಿ ಪ್ಲಸ್.

ಬದಿಯ ಪಟ್ಟಿಗಳು ಮುಂದಕ್ಕೆ ಚಾಚಿರುವುದೇಕೆ ಎಂಬ ಮಾತಿಗೆ ಈಗ ಬರೋಣ. ವಿದ್ಯುತ್ತು ನಡೆಯುತ್ತಿರುವಾಗಲೇ ಸಿಕ್ಕಿಸಿ ಕೀಳುವ ಸಂಯೋಜಕ ಇದು. ಸಂದೇಶ ಸಾಗಿಸುವ ಡಿ ಮೈನಸ್, ಡಿ ಪ್ಲಸ್ ಪಟ್ಟಿಗಳು ಮೊದಲು ತಗುಲಿ, ಚಿಪ್ಪಿಗೆ ಇನ್ನೂ ಸರಿಯಾದ ಬಾಗಿಲಿನಿಂದ ಶಕ್ತಿ ಬಂದಿರದೆ ಇದ್ದಲ್ಲಿ, ಪ್ರವಾಹವು ಸಂದೇಶದ ಕಾಲುಗಳ ಮೂಲಕವೇ ಒಳನುಗ್ಗಿ ಚಿಪ್ಪನ್ನು ಅರೆಜೀವದ ಸ್ಥಿತಿಗೆ ತಂದು ಸಿಕ್ಕಿಹಾಕಿಸುವ, ಕೆಲವೊಮ್ಮೆ ಸುಡುವ ಸಂಭವವುಂಟು. ಆದ್ದರಿಂದ ಶಕ್ತಿಯ ಎರಡು ಪಟ್ಟಿಗಳು ಒಂದು ಮಿಲಿಮೀಟರು ಉದ್ದವಾಗಿ, ಸಿಕ್ಕಿಸುವಾಗ ಮೊದಲು ಕೂಡಿ, ಕೀಳುವಾಗ ಕಡೆಯಲ್ಲಿ ಅಗಲುವಂತೆ ನಿಯಮಾವಳಿಯು ಗೊತ್ತುಮಾಡಿದೆ. ಈ ಮುಂದಾಲೋಚನೆಯನ್ನು ಕಂಡಾಗಲೆಲ್ಲ ನನಗೆ ಗೌರವವುಂಟಾಗುತ್ತದೆ. ಯಾವ ಚಿಪ್ಪೂ ಇಲ್ಲದೆ, ಯಾವ ಖರ್ಚೂ ಇಲ್ಲದೆ, ಕೇವಲ ರೇಖೆಯ ಉದ್ದದಿಂದ ಕಾಲದ ಪೌರ್ವಾಪರ್ಯವನ್ನು ಸಾಧಿಸಿದ್ದಾರೆ. ಅಂಚನ್ನು ತಾನೇ ಬರೆಯುವವನು ಈ ಮಿಲಿಮೀಟರನ್ನು ಮರೆಯಕೂಡದು.

ಚಿನ್ನದ ವಿಷಯದಲ್ಲಿ ಮೊಳಕಾಲ್ಮೂರಿನ ನೇಕಾರರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಅಸಲಿ ಜರಿಯೆಂದರೆ ರೇಷ್ಮೆಯೆಳೆಗೆ ಚಪ್ಪಟೆಗೊಳಿಸಿದ ಬೆಳ್ಳಿಯ ತಂತಿಯನ್ನು ಸುತ್ತಿ ಮೇಲೆ ಚಿನ್ನದ ನೀರು ಕೊಟ್ಟದ್ದು. ಆ ಲೇಪ ತೆಳುವಾದಷ್ಟೂ ಸೀರೆ ಬೇಗ ಕಪ್ಪಿಡುವುದೆಂದು ಅವರು ಬಲ್ಲರು. ಬೋರ್ಡಿನ ಅಂಚಿನಲ್ಲೂ ಇಂಥದೇ ಮೂರು ಪದರ: ತಳದಲ್ಲಿ ಮೂವತ್ತೈದು ಮೈಕ್ರಾನಿನ ತಾಮ್ರ, ನಡುವೆ ಮೂರರಿಂದ ಐದು ಮೈಕ್ರಾನಿನ ನಿಕ್ಕಲು, ಮೇಲೆ ಚಿನ್ನ. ನಿಕ್ಕಲಿಲ್ಲದೆ ಹೋದರೆ ತಾಮ್ರವು ಕ್ರಮೇಣ ಚಿನ್ನದೊಳಕ್ಕೆ ನುಸುಳಿ ಮೇಲ್ಮೈಗೆ ಬಂದು ಕಪ್ಪಿಡುವುದು. ಕಾರ್ಖಾನೆಯವರು ಕೊಡುವ ಚಿನ್ನದ ಲೇಪದಲ್ಲಿ ಎರಡು ಜಾತಿ. ‘ಎನಿಗ್’ ಎಂದು ಕರೆಯುವುದು ರಾಸಾಯನಿಕವಾಗಿ ಕೂರಿಸಿದ, ಒಂದು ಮೈಕ್ರಾನಿನ ಹತ್ತನೆಯ ಒಂದು ಪಾಲಿಗೂ ಮೀರದ ಮೃದುವಾದ ಲೇಪ; ಬೆಸುಗೆಗೆ ಅದು ಶ್ರೇಷ್ಠ, ಉಜ್ಜಾಟಕ್ಕೆ ಅಲ್ಲ. ‘ಹಾರ್ಡ್ ಗೋಲ್ಡ್’ ಎಂಬುದು ಕೋಬಾಲ್ಟಿನಂಥ ಲೋಹವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿ ವಿದ್ಯುಲ್ಲೇಪನದಿಂದ ಕೂರಿಸಿದ್ದು. ಮುಕ್ಕಾಲು ಮೈಕ್ರಾನಿನಷ್ಟೋ ಅದಕ್ಕಿಂತ ತುಸು ಹೆಚ್ಚೋ ದಪ್ಪ. ‘ಎ’ ಮಾದರಿಯ ಪ್ಲಗ್ಗು 1500 ಬಾರಿ ಸಿಕ್ಕಿಸಿ ಕಿತ್ತರೂ ಬಾಳಬೇಕೆಂಬುದು ನಿಯಮಾವಳಿಯ ಅಪೇಕ್ಷೆ. ಮಾದರಿಗೆಂದು ಹತ್ತು ಬೋರ್ಡು ಮಾಡುವವರಿಗೆ ಎನಿಗ್ ಸಾಕು. ಶಾಲೆಗಳಿಗೆ ಹಂಚಲು ನೂರು ಮಾಡುವವರು ಅಂಚಿಗೆ ಮಾತ್ರವಾದರೂ ಹಾರ್ಡ್ ಗೋಲ್ಡನ್ನು ಕೇಳಬೇಕು. ಅಗ್ಗದ ತವರದ ಲೇಪವಂತೂ ಸರ್ವಥಾ ಕೂಡದು. ಅದು ಉಬ್ಬುತಗ್ಗಾಗಿ ಕೂರುತ್ತದೆ, ಬೇಗ ಸವೆಯುತ್ತದೆ, ತವರದ ಪುಡಿ ಸಾಕೆಟ್ಟಿನ ಚಿನ್ನಕ್ಕೆ ಅಂಟಿಕೊಂಡು ಬೇರೆ ಪ್ಲಗ್ಗುಗಳನ್ನೂ ಕೆಡಿಸುತ್ತದೆ.

ವಿದ್ಯುಲ್ಲೇಪನಕ್ಕೆ ಪ್ರತಿ ಪಟ್ಟಿಗೂ ಪ್ರವಾಹ ತಲುಪಬೇಕಾದ್ದರಿಂದ, ಪಟ್ಟಿಯ ತುದಿಯಿಂದ ಬೋರ್ಡಿನ ಹೊರಗಿನ ಚೌಕಟ್ಟಿನವರೆಗೆ ಕೂದಲಿನಂಥ ಒಂದು ತಾಮ್ರದ ಬಾಲವನ್ನು ಬಿಟ್ಟಿರುತ್ತಾರೆ. ಬೋರ್ಡನ್ನು ಕತ್ತರಿಸಿದಾಗ ಅದು ಕತ್ತರಿಸಿಹೋಗುತ್ತದೆ. ಈ ವಿದ್ಯೆಗೆ ನಾವು ದೂರದೇಶವನ್ನೇ ನೋಡಬೇಕಾಗಿಲ್ಲವೆಂಬುದೂ ಹೇಳತಕ್ಕ ಮಾತು: ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪನಿಯು 1999ರಿಂದ ನಮ್ಮ ನಂಜನಗೂಡಿನಲ್ಲಿಯೇ ಸರ್ಕಿಟ್ ಬೋರ್ಡುಗಳನ್ನು ತಯಾರಿಸುತ್ತ ಬಂದಿದೆ.

ಇನ್ನು ಅಂಚಿನ ಇಳಿಜಾರು. ಗಾಜಿನ ನಾರಿನ ಬೋರ್ಡನ್ನು ಕತ್ತರಿಸಿದ ಅಂಚು ಅರದಂತೆ ಒರಟಾಗಿರುತ್ತದೆ. ಅದನ್ನು ಹಾಗೆಯೇ ಸಾಕೆಟ್ಟಿಗೆ ತುರುಕಿದರೆ ಸವೆಯುವುದು ನಮ್ಮ ಬೋರ್ಡಲ್ಲ, ಕಂಪ್ಯೂಟರಿನ ಸ್ಪರ್ಶಕಗಳ ಮೇಲಿನ ಚಿನ್ನ. ನಮ್ಮ ಉಳಿತಾಯಕ್ಕಾಗಿ ಮತ್ತೊಬ್ಬರ ವಸ್ತುವಿಗೆ ಹಾನಿ ಮಾಡುವುದು ಸಲ್ಲದು. ಅದರಲ್ಲಿಯೂ ಒಂದೇ ಕಂಪ್ಯೂಟರಿರುವ ಹಳ್ಳಿಯ ಶಾಲೆಯಲ್ಲಿ ಆ ಹಾನಿ ಸಣ್ಣದಲ್ಲ. ಅಂಚನ್ನು 30 ಅಥವಾ 45 ಡಿಗ್ರಿಯ ಇಳಿಜಾರಿಗೆ ಕೊರೆದುಕೊಡಿರೆಂದು ಕಾರ್ಖಾನೆಗೆ ಬರೆಯಬಹುದು. ಕೈಯಿಂದಲೇ ಮಾಡುವುದಾದರೆ ನಯವಾದ ಮರಳು ಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜಬೇಕು. ಗಾಜಿನ ಪುಡಿ ಶ್ವಾಸಕೋಶಕ್ಕೆ ಹೋಗದಂತೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದನ್ನು ಮಕ್ಕಳಿಗೆ ಒತ್ತಿ ಹೇಳಬೇಕು.

ಚಳ್ಳಕೆರೆಯ ಸೀಮೆಗೆ ವಿಶೇಷವಾಗಿ ಸಲ್ಲುವ ಸಂಗತಿಯೊಂದಿದೆ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಅದು ಒಂದು. ಗಾಳಿ ಒಣ, ಮನೆಮನೆಯಲ್ಲಿ ಉಣ್ಣೆಯ ಕಂಬಳಿ. ಮಾಗಿಯ ರಾತ್ರಿ ಕಂಬಳಿಯನ್ನು ಸರಕ್ಕನೆ ಎಳೆದಾಗ ಕತ್ತಲೆಯಲ್ಲಿ ಚಿಟಚಿಟನೆ ಕಿಡಿ ಹಾರುವುದನ್ನು ಅಲ್ಲಿನ ಮಕ್ಕಳೆಲ್ಲರೂ ಕಂಡಿದ್ದಾರೆ. ಆ ಕಿಡಿ ಸ್ಥಿರವಿದ್ಯುತ್ತಿನದು. ಬೆರಳಿಗೆ ಚುರುಕ್ಕೆಂದು ತಿಳಿಯಬೇಕಾದರೆ ಸುಮಾರು 3000 ವೋಲ್ಟು ಸಂಚಯವಾಗಿರಬೇಕು, ಚಿಪ್ಪಿನ ಕಾಲು ಹಾಳಾಗುವುದಕ್ಕೆ ಅದರ ಅಲ್ಪಾಂಶ ಸಾಕು. ಸಾಮಾನ್ಯ ಪ್ಲಗ್ಗಿನಲ್ಲಿ ಲೋಹದ ಕವಚವು ಸಾಕೆಟ್ಟಿನ ಲೋಹಕ್ಕೆ ಮೊದಲು ತಾಗಿ ಈ ಸಂಚಯವನ್ನು ನೆಲದತ್ತ ಹರಿಸಿಬಿಡುತ್ತದೆ. ಕವಚವನ್ನು ಕೈಬಿಟ್ಟ ನಮ್ಮ ಬೋರ್ಡಿನಲ್ಲಿ ಬೆರಳು ಹಿಡಿಯುವುದೇ ಬೆತ್ತಲೆಯ ತಾಮ್ರದ ಹತ್ತಿರ. ಆದುದರಿಂದ ಡಿ ಪ್ಲಸ್, ಡಿ ಮೈನಸ್ ಎರಡಕ್ಕೂ ಪಟ್ಟಿಯ ಬುಡದಲ್ಲಿಯೇ ರಕ್ಷಕ ಡಯೋಡುಗಳನ್ನು ಕೂರಿಸುವುದೂ, ಬೋರ್ಡನ್ನು ಹಿಡಿಯುವ ಹಿಂಭಾಗದ ಸುತ್ತಂಚಿನಲ್ಲಿ ಗ್ರೌಂಡಿನ ತಾಮ್ರವನ್ನು ತೆರೆದು ಬಿಡುವುದೂ ಈ ಸೀಮೆಯಲ್ಲಿ ಐಚ್ಛಿಕವಲ್ಲವೆಂದೇ ನಾನು ಹೇಳುವೆನು. ಕರಾವಳಿಯ ತೇವದಲ್ಲಿ ಬದುಕುವ ಬೋರ್ಡು ಇಲ್ಲಿ ಬದುಕೀತೆಂದು ನೆಚ್ಚಬಾರದು.

ಸಂದೇಶದ ಮಾರ್ಗಗಳ ವಿಷಯದಲ್ಲಿ ಅನಾವಶ್ಯಕ ಭಯ ಪ್ರಚಾರದಲ್ಲಿದೆ. ಎರಡು ರೇಖೆಗಳ ನಡುವೆ 90 ಓಮಿನ ಪ್ರತಿಬಂಧವನ್ನು ಕಾಯ್ದುಕೊಳ್ಳಬೇಕೆಂಬ ನಿಯಮ ನಿಜವಾದರೂ, ಅದರ ತೀಕ್ಷ್ಣತೆ ಕಾಣುವುದು ಸೆಕೆಂಡಿಗೆ 480 ಮೆಗಾಬಿಟ್ಟಿನ ವೇಗದಲ್ಲಿ. ತೇವಾಂಶದ ಲೆಕ್ಕವನ್ನು ಒಪ್ಪಿಸುವ ನಮ್ಮ ಬೋರ್ಡಿಗೆ 12 ಮೆಗಾಬಿಟ್ಟು ಧಾರಾಳ, ಒಂದೂವರೆಯಾದರೂ ಸಾಕು. ಅಲ್ಲಿ ಎರಡು ಸೆಂಟಿಮೀಟರಿನ ರೇಖೆಗಳು ಜೊತೆಜೊತೆಯಾಗಿ, ಸಮ ಉದ್ದವಾಗಿ ಸಾಗಿದರೆ ಮುಗಿಯಿತು. ತಾನು ಬಂದಿರುವೆನೆಂದು ಬೋರ್ಡು ಕಂಪ್ಯೂಟರಿಗೆ ತಿಳಿಸುವುದು ಒಂದೂವರೆ ಕಿಲೋ ಓಮಿನ ಒಂದು ರೆಸಿಸ್ಟರಿನಿಂದ: 12 ಮೆಗಾಬಿಟ್ಟಿನದಾದರೆ ಡಿ ಪ್ಲಸ್ಸನ್ನು, ಒಂದೂವರೆಯದಾದರೆ ಡಿ ಮೈನಸ್ಸನ್ನು ಅದು 3.3 ವೋಲ್ಟಿನತ್ತ ಮೇಲಕ್ಕೆಳೆಯುತ್ತದೆ. ಈಗಿನ ಎಷ್ಟೋ ಚಿಪ್ಪುಗಳಲ್ಲಿ ಅದು ಒಳಗೇ ಇರುತ್ತದೆ. ಆರ್ದ್ರತೆಯ ಸಂವೇದಕವನ್ನು ಮಾತ್ರ ಪ್ಲಗ್ಗಿನಿಂದ ಸಾಧ್ಯವಾದಷ್ಟು ದೂರದ ತುದಿಯಲ್ಲಿಡಬೇಕು, ಕಂಪ್ಯೂಟರಿನ ಬಿಸಿಯು ತಾಮ್ರದ ಮೂಲಕ ಹರಿದು ಬಂದು ಅಳತೆಯನ್ನು ಕೆಡಿಸದಂತೆ.

ಬ್ಯಾಟರಿಯುಳ್ಳ ಬೋರ್ಡಿನಲ್ಲಿ ಮತ್ತೊಂದು ಗಂಡಾಂತರವಿದೆ. ಕವಚವಿದ್ದ ಪ್ಲಗ್ಗು ಮಗುಚಿದರೆ ಒಳಹೋಗುವುದಿಲ್ಲ. ಬರಿಯ ಅಂಚು ಮಗುಚಿದರೂ ಒಳಹೋಗುತ್ತದೆ. ಆಗ ಕಂಪ್ಯೂಟರಿನ ಸ್ಪರ್ಶಕಗಳು ನಮ್ಮ ಬೋರ್ಡಿನ ಬೋಳು ಬೆನ್ನನ್ನು ಮುಟ್ಟುವುವು, ಅದರಿಂದ ಕಂಪ್ಯೂಟರಿಗೆ ಕೇಡಿಲ್ಲ. ಆದರೆ ನಮ್ಮ ನಾಲ್ಕು ಪಟ್ಟಿಗಳು ಸಾಕೆಟ್ಟಿನ ಲೋಹದ ಗೋಡೆಗೆ ಒಟ್ಟಾಗಿ ತಾಗುವುವು. ಐದು ವೋಲ್ಟಿನ ಪಟ್ಟಿಗೆ ಬ್ಯಾಟರಿಯು ನೇರವಾಗಿ ಕೂಡಿದ್ದರೆ ಅದು ಆ ಕ್ಷಣವೇ ಗ್ರೌಂಡಿಗೆ ಮುಟ್ಟಿ ಕಾದುಹೋಗುವುದು. ಆ ಪಟ್ಟಿಗೂ ಬ್ಯಾಟರಿಗೂ ನಡುವೆ, ಒಳಕ್ಕೆ ಮಾತ್ರ ಹರಿಯಗೊಡುವ ಒಂದು ಡಯೋಡನ್ನು ಇಟ್ಟರೆ ಅಪಾಯ ನೀಗುತ್ತದೆ. ಇದರ ಬೆಲೆ ಒಂದೆರಡು ರೂಪಾಯಿ. ಮೇಲುಮೈ ಯಾವುದೆಂದು ಬೋರ್ಡಿನ ಮೇಲೆ ಕನ್ನಡದಲ್ಲಿ ದಪ್ಪಕ್ಷರದಿಂದ ಮುದ್ರಿಸಿದರೆ ಇನ್ನೂ ಒಳ್ಳೆಯದು.

ಹೊಸ ಲ್ಯಾಪ್‌ಟಾಪುಗಳ ‘ಸಿ’ ಮಾದರಿಯ ಬಾಯಿಗೆ ಈ ಉಪಾಯವನ್ನು ಹೀಗೆಯೇ ಒಯ್ಯಲಾಗದು. ಅಲ್ಲಿ ನಾಲಗೆಯಿರುವುದು ಸಾಕೆಟ್ಟಿನಲ್ಲಿ, 0.7 ಮಿಲಿಮೀಟರಿನ ದಪ್ಪದಲ್ಲಿ ಎರಡೂ ಮುಖಕ್ಕೆ ಸೇರಿ 24 ಸ್ಪರ್ಶಕಗಳು, ಒಂದಕ್ಕೊಂದಕ್ಕೆ ಅರ್ಧ ಮಿಲಿಮೀಟರು. ಹಸ್ತಕೌಶಲದಿಂದ ತಿದ್ದಿಕೊಳ್ಳುವ ಅವಕಾಶ ಅಲ್ಲಿಲ್ಲವಾದ್ದರಿಂದ ಸಿದ್ಧ ಬಿಡಿಭಾಗವನ್ನೇ ಕೊಳ್ಳುವುದು ವಿವೇಕ.

ಕಾರ್ಖಾನೆಗೆ ಕಳುಹಿಸುವ ಮುನ್ನ ಅಂಚಿನ ನಕ್ಷೆಯನ್ನು ಕಾಗದದ ಮೇಲೆ ಯಥಾಪ್ರಮಾಣದಲ್ಲಿ ಮುದ್ರಿಸಿ, ರಟ್ಟಿಗಂಟಿಸಿ ಕತ್ತರಿಸಿ, ಪೆನ್‌ಡ್ರೈವಿನ ಪಟ್ಟಿಗಳ ಪಕ್ಕದಲ್ಲಿಟ್ಟು ಭೂತಗನ್ನಡಿಯಿಂದ ಹೋಲಿಸಬೇಕು. ಪಟ್ಟಿಗಳ ಮೇಲೆ ಹಸಿರು ಬಣ್ಣದ ಹೊದಿಕೆ ಬರಕೂಡದು, ಪಟ್ಟಿಯ ನಡುವೆ ರಂಧ್ರ ಇರಕೂಡದು, ದಪ್ಪ 2.0, ಅಂಚಿಗೆ ಇಳಿಜಾರು, ಲೇಪ ಇಂಥದು ಎಂಬುದನ್ನು ಊಹೆಗೆ ಬಿಡದೆ ನಕ್ಷೆಯ ಮೇಲೆಯೇ ಅಕ್ಷರದಲ್ಲಿ ಬರೆಯಬೇಕು. ಬೋರ್ಡು ಕೈಗೆ ಬಂದ ಮೇಲೆ ಕ್ಯಾಲಿಪರಿನಿಂದ ದಪ್ಪವನ್ನು ಅಳೆದು, ಐದು ವೋಲ್ಟಿಗೂ ಗ್ರೌಂಡಿಗೂ ನಡುವೆ ನೇರ ಸಂಪರ್ಕವಿಲ್ಲವೆಂದು ಮೀಟರಿನಿಂದ ಖಾತ್ರಿಪಡಿಸಿಕೊಂಡು, ಮೊದಲ ಸಲ ಅದನ್ನು ಶಾಲೆಯ ಕಂಪ್ಯೂಟರಿಗಲ್ಲದೆ, ಪ್ರತ್ಯೇಕ ಚಾರ್ಜರಿನಿಂದ ನಡೆಯುವ ಒಂದು ಅಗ್ಗದ ಯುಎಸ್‌ಬಿ ಹಬ್ಬಿಗೆ ಸಿಕ್ಕಿಸಿ ನೋಡತಕ್ಕದ್ದು.